ಕಾಯಿಲೆ ಗಡುವು ಕೊಡುತ್ತದೆ, ಮನೆ ಬಿಡುವು ಕೊಡುವುದಿಲ್ಲ

(ಗುಂಡ್ಲುಪೇಟೆ ಮತ್ತು ಚಾಮರಾಜನಗರ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರ ಮುಂದೆ ಆಡಿದ ಮಾತುಗಳ ಬರಹ ರೂಪ)



ವರದಕ್ಷಿಣೆ, ಹೊಡೆತ ಬಡಿತ, ಪೊಲೀಸು, ಕೋರ್ಟು, ಪಂಚಾಯ್ತಿ ಎಂದು ನಾವು ಎಷ್ಟೋ ಸಲ ಒಟ್ಟಿಗೆ ಕೂತು ಮಾತಾಡಿದ್ದೇವೆ. ಇವತ್ತು ಒಂದು ಕಾಯಿಲೆಯ ಬಗ್ಗೆ ಮಾತಾಡಬೇಕೆಂದು ನೀವೇ ಕೇಳಿದ್ದೀರಿ. ದೌರ್ಜನ್ಯದ ವಿರುದ್ಧ ಸೇರುವ ಹೆಂಗಸರಿಗೂ ಕ್ಯಾನ್ಸರಿಗೂ ಏನು ಸಂಬಂಧ ಎಂದು ಕೆಲವರಿಗೆ ಅನ್ನಿಸಬಹುದು. ಸಂಬಂಧ ಇದೆ. ಗರ್ಭಕೊರಳಿನ ಕ್ಯಾನ್ಸರ್ ನಿಧಾನದ ಕಾಯಿಲೆ. ಅದು ಪೂರಾ ಬಲಿಯುವ ಮೊದಲು ಹತ್ತು ಹದಿನೈದು ವರ್ಷ ಗಡುವು ಕೊಡುತ್ತದೆ. ಇಷ್ಟು ವರ್ಷಗಳಲ್ಲಿ ಅರ್ಧ ದಿನದ ಪರೀಕ್ಷೆಗೆ ಒಬ್ಬ ಹೆಂಗಸಿಗೆ ಬಿಡುವು ಸಿಗುವುದಿಲ್ಲ, ಅಪ್ಪಣೆ ಸಿಗುವುದಿಲ್ಲ, ಜೊತೆಗೆ ಬರುವವರು ಸಿಗುವುದಿಲ್ಲ. ನಾನು ಆಸ್ಪತ್ರೆಗೆ ಜೊತೆಯಾಗಿ ಹೋದ ಹೆಂಗಸರಲ್ಲಿ ಮದ್ದಿಲ್ಲದೆ ಸತ್ತವರು ಕಡಿಮೆ, ತಡವಾಗಿ ಹೋಗಿ ಸತ್ತವರೇ ಹೆಚ್ಚು. ಆ ತಡ ಆದದ್ದು ಮನೆಯೊಳಗೆ. ಮನೆಯೊಳಗೆ ಆಗುವ ಅನ್ಯಾಯ ನಮ್ಮ ಸಂಘದ ವಿಷಯವಲ್ಲದೆ ಮತ್ತೇನು?

2022ರ ಅಂದಾಜಿನ ಪ್ರಕಾರ ಆ ಒಂದು ವರ್ಷದಲ್ಲಿ ನಮ್ಮ ದೇಶದಲ್ಲಿ ಸುಮಾರು 1 ಲಕ್ಷ 27 ಸಾವಿರ ಹೆಂಗಸರಿಗೆ ಈ ಕ್ಯಾನ್ಸರ್ ಹೊಸದಾಗಿ ಬಂತು. ಸುಮಾರು 80 ಸಾವಿರ ಹೆಂಗಸರು ಇದರಿಂದ ಸತ್ತರು. ನಮ್ಮ ದೇಶದ ಹೆಂಗಸರಲ್ಲಿ ಸ್ತನದ ಕ್ಯಾನ್ಸರ್ ಬಿಟ್ಟರೆ ಅತಿ ಹೆಚ್ಚು ಕಾಣುವುದು ಇದೇ. ಆದರೆ ಇಷ್ಟು ಸುಲಭವಾಗಿ ತಡೆಯಬಹುದಾದ ಕ್ಯಾನ್ಸರ್ ಇನ್ನೊಂದು ಇಲ್ಲ ಎಂಬುದೂ ಅಷ್ಟೇ ನಿಜ.

ಎಲ್ಲಿ ಬರುತ್ತದೆ, ಯಾಕೆ ಬರುತ್ತದೆ

ಗರ್ಭಕೋಶವನ್ನು ತಲೆಕೆಳಗಾಗಿ ಹಿಡಿದ ಸಣ್ಣ ಸೋರೆಬುರುಡೆ ಎಂದುಕೊಳ್ಳಿ. ಅಗಲವಾದ ಭಾಗ ಮೇಲೆ ಇರುತ್ತದೆ. ಮಗು ಬೆಳೆಯುವುದು ಅಲ್ಲಿ. ಕಿರಿದಾದ ಕತ್ತು ಕೆಳಗೆ ಯೋನಿಯೊಳಕ್ಕೆ ಇಳಿದಿರುತ್ತದೆ. ಆ ಕತ್ತೇ ಗರ್ಭಕೊರಳು. ಡಾಕ್ಟರು ಗರ್ಭಕಂಠ ಎನ್ನುತ್ತಾರೆ. ಮುಟ್ಟಿನ ರಕ್ತ ಬರುವುದು ಆ ಬಾಯಿಂದ. ಹೆರಿಗೆಯಲ್ಲಿ ತೆರೆದುಕೊಳ್ಳುವುದೂ ಅದೇ ಬಾಯಿ. ನಮ್ಮ ಮೈಯಲ್ಲೇ ಇದ್ದರೂ ನಾವು ಯಾರೂ ಕಣ್ಣಾರೆ ನೋಡದ ಜಾಗ ಅದು. ಅಲ್ಲಿ ಹುಣ್ಣಾದರೂ ಮೊದಮೊದಲು ನೋವಾಗುವುದಿಲ್ಲ. 'ನೋವಿಲ್ಲ, ಅಂದಮೇಲೆ ಕಾಯಿಲೆಯೂ ಇಲ್ಲ' ಎಂಬ ನಮ್ಮ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಈ ಕ್ಯಾನ್ಸರ್ ಬಹುಪಾಲು ಎಚ್‌ಪಿವಿ ಎಂಬ ವೈರಾಣುವಿನಿಂದ ಬರುತ್ತದೆ. ಇದನ್ನು ತೋರಿಸಿಕೊಟ್ಟ ಜರ್ಮನಿಯ ವಿಜ್ಞಾನಿ ಹಾರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಹುಮಾನ ಬಂತು. ಈ ವೈರಾಣುವಿನಲ್ಲಿ ನೂರಕ್ಕೂ ಹೆಚ್ಚು ಬಗೆ ಇವೆ. ಅವುಗಳಲ್ಲಿ 16 ಮತ್ತು 18 ಎಂಬ ಎರಡು ಬಗೆಗಳೇ ಹತ್ತರಲ್ಲಿ ಏಳಕ್ಕೂ ಹೆಚ್ಚು ಗರ್ಭಕೊರಳಿನ ಕ್ಯಾನ್ಸರುಗಳಿಗೆ ಕಾರಣ. ಇದು ಗಂಡು ಹೆಣ್ಣಿನ ಕೂಡಿಕೆಯಿಂದ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ದಾಂಪತ್ಯ ನಡೆಸುವ ಹೆಚ್ಚುಕಡಿಮೆ ಎಲ್ಲ ಗಂಡಸರಿಗೂ ಹೆಂಗಸರಿಗೂ ಒಂದಲ್ಲ ಒಂದು ಕಾಲದಲ್ಲಿ ಇದು ಸೋಕಿರುತ್ತದೆ. ನೆಗಡಿ ಬಂದು ಹೋಗುವ ಹಾಗೆ, ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ಮೈ ತಾನೇ ಅದನ್ನು ಓಡಿಸುತ್ತದೆ. ಕೆಲವರಲ್ಲಿ ಮಾತ್ರ ಅದು ಉಳಿದುಬಿಡುತ್ತದೆ. ಉಳಿದ ವೈರಾಣು ಗರ್ಭಕೊರಳಿನ ಜೀವಕೋಶಗಳನ್ನು ನಿಧಾನವಾಗಿ ಕೆಡಿಸುತ್ತದೆ. ಹೀಗೆ ಕೆಟ್ಟದ್ದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಎಚ್‌ಐವಿ ಇರುವ ಹೆಂಗಸರಲ್ಲಿ ಮೈಯ ಶಕ್ತಿ ಕುಂದಿರುವುದರಿಂದ 5ರಿಂದ 10 ವರ್ಷದಲ್ಲೇ ಆಗಬಹುದು.

ಚಿಕ್ಕ ವಯಸ್ಸಿನ ಮದುವೆ, ಮೇಲಿಂದ ಮೇಲೆ ಹೆರಿಗೆ, ತಂಬಾಕು, ಇವು ಅಪಾಯವನ್ನು ಹೆಚ್ಚಿಸುತ್ತವೆ. ಹದಿನೈದಕ್ಕೇ ಮದುವೆಯಾಗಿ ಇಪ್ಪತ್ತೊಂದಕ್ಕೆ ಮೂರು ಮಕ್ಕಳ ತಾಯಿಯಾದವಳು ಇವನ್ನು ತಾನಾಗಿ ಆರಿಸಿಕೊಂಡವಳೇನು?

ವರದಿ ನಡತೆಯ ಸಾಕ್ಷಿಯಲ್ಲ

ಗಂಡು ಹೆಣ್ಣಿನ ಕೂಡಿಕೆಯಿಂದ ಬರುತ್ತದೆ ಎಂದ ಕೂಡಲೇ ಮನೆಯಲ್ಲಿ ಮೊದಲು ಬರುವ ಪ್ರಶ್ನೆ 'ಯಾರಿಂದ ತಂದೆ?' ಎಂಬುದು. ಮಾದೇಶ್ವರನ ಕತೆ ಕೇಳಿ ಬೆಳೆದ ನಮಗೆ ಸಂಕಮ್ಮ ಗೊತ್ತು. ಗಂಡ ನೀಲೇಗೌಡ ಕಾಡಿಗೆ ಹೊರಡುವ ಮುಂಚೆ ನಡತೆಗೆ ಭಾಷೆ ಕೊಡು ಎಂದು ಅವಳನ್ನು ಪೀಡಿಸಿದ್ದೂ ಗೊತ್ತು. ಈಗ ಆಸ್ಪತ್ರೆಯ ಚೀಟಿ ಹಿಡಿದು ಭಾಷೆ ಕೇಳುವ ನೀಲೇಗೌಡರಿದ್ದಾರೆ.

ಇದಕ್ಕೆ ಉತ್ತರವನ್ನು ಪ್ರತಿ ಸಂಘದ ಪ್ರತಿ ಹೆಂಗಸೂ ಬಾಯಿಪಾಠ ಮಾಡಿಕೊಳ್ಳಬೇಕು. ಜೀವಮಾನದಲ್ಲಿ ಒಬ್ಬನೇ ಗಂಡಸನ್ನು ಅರಿತ ಹೆಂಗಸಿಗೂ ಈ ವೈರಾಣು ಬರುತ್ತದೆ. ಅದು ವರ್ಷಗಟ್ಟಲೆ ಸುಮ್ಮನೆ ಮೈಯಲ್ಲಿ ಇರಬಲ್ಲದು. ಹಾಗಾಗಿ ಯಾವಾಗ ಬಂತು, ಯಾರಿಂದ ಬಂತು ಎಂದು ಯಾವ ಡಾಕ್ಟರೂ ಹೇಳಲಾರರು. ಗಂಡಸಿನ ಮೈಯಲ್ಲೂ ಅದು ಗುರುತೇ ತೋರದೆ ಇರುತ್ತದೆ. ಆಸ್ಪತ್ರೆಯ ವರದಿ ಹೇಳುವುದು ಗರ್ಭಕೊರಳಿನ ಸ್ಥಿತಿಯನ್ನು ಮಾತ್ರ. ಹೆಂಗಸಿನ ನಡತೆಯನ್ನಲ್ಲ, ಗಂಡಸಿನ ನಡತೆಯನ್ನೂ ಅಲ್ಲ.

ಇನ್ನೊಂದು ಮಾತು. ಕ್ಯಾನ್ಸರ್ ಅಂಟುಜಾಡ್ಯವಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ, ಮಗುವನ್ನು ಎತ್ತಿಕೊಂಡರೆ, ಒಂದೇ ಬಚ್ಚಲಲ್ಲಿ ಮಿಂದರೆ ಬರುವುದಿಲ್ಲ. ಕಾಯಿಲೆಯ ಹೆಂಗಸಿಗೆ ಬೇರೆ ಚಾಪೆ, ಬೇರೆ ಲೋಟ ಮಾಡುವುದಕ್ಕೆ ಯಾವ ವೈದ್ಯಶಾಸ್ತ್ರದ ಆಧಾರವೂ ಇಲ್ಲ.

ಗುರುತುಗಳು

ಮುಟ್ಟಿನ ದಿನ ಬಿಟ್ಟು ನಡುವೆ ರಕ್ತ ಕಾಣುವುದು, ಗಂಡನ ಜೊತೆ ಕೂಡಿದ ಮೇಲೆ ರಕ್ತ ಕಾಣುವುದು, ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಾಣುವುದು, ಕೆಟ್ಟ ವಾಸನೆಯ ಅಥವಾ ರಕ್ತ ಬೆರೆತ ನೀರು ಹೋಗುವುದು. ಇವುಗಳಲ್ಲಿ ಯಾವುದೇ ಒಂದು ಕಂಡರೂ ಆ ವಾರವೇ ಡಾಕ್ಟರ ಬಳಿ ಹೋಗಬೇಕು. ಕಾಯಿಲೆ ಮುಂದುವರಿದ ಮೇಲೆ ಸೊಂಟನೋವು, ಕಾಲಿನ ಬಾವು, ಮೂತ್ರ ಕಟ್ಟುವುದು ಬರುತ್ತವೆ.

ಒಬ್ಬ ತಾಯಿಗೆ ಮುಟ್ಟು ನಿಂತು ಮೂರು ವರ್ಷವಾಗಿತ್ತು. ಮತ್ತೆ ರಕ್ತ ಕಂಡಾಗ ಆಕೆ ನನ್ನ ಹತ್ತಿರ ನಗುತ್ತಲೇ ಹೇಳಿದರು, 'ನಿಂತೋಗಿದ್ ಮುಟ್ಟು ತಿರ್ಗ ಬಂದದ ಕನಕ್ಕ, ವಯಸ್ಸು ವಾಪಸ್ ಬಂತು ಅನ್ಕಂಡಿ' ಎಂದು. ಮೂರು ದಿನ ಒಲೆ ಮುಟ್ಟದೆ ಹೊರಗೆ ಕೂತರೇ ಹೊರತು ಆಸ್ಪತ್ರೆಗೆ ಹೋಗಲಿಲ್ಲ. ಸೊಸೆಗೆ ಹೇಳಲು ನಾಚಿಕೆ, ಮಗನಿಗೆ ಹೇಳುವುದಂತೂ ಆಗದ ಮಾತು. ಅರಿಶಿನ ಬೇಯಿಸುವ ಕೆಲಸ ಮುಗಿಯಲಿ, ಹಬ್ಬ ಕಳೆಯಲಿ, ಮೊಮ್ಮಗಳ ನಾಮಕರಣ ಆಗಲಿ ಎಂದು ಒಂದೂವರೆ ವರ್ಷ ಹೋಯಿತು. ಚಾಮರಾಜನಗರದಲ್ಲಿ ಪರೀಕ್ಷೆ ಮಾಡಿಸಿದಾಗ ಕಾಯಿಲೆ ಮೂರನೇ ಹಂತದಲ್ಲಿತ್ತು. ನಿಂತ ಮುಟ್ಟು ತಿರುಗಿ ಬರುವುದಿಲ್ಲ ತಾಯಂದಿರೇ. ಹಾಗೆ ಕಂಡ ರಕ್ತ ಮುಟ್ಟಲ್ಲ. ಅದರ ಕಾರಣವನ್ನು ಪರೀಕ್ಷೆ ಮಾಡಿಯೇ ತಿಳಿಯಬೇಕು.

ಹಾಗೆಂದು ಬಿಳುಪು ಹೋದದ್ದೆಲ್ಲ ಕ್ಯಾನ್ಸರ್ ಅಲ್ಲ. ಬಿಳಿಸೆರಗು ಹೆಚ್ಚಾಗಿ ಬೇರೆ ಸೋಂಕಿನಿಂದ ಬರುತ್ತದೆ, ಮಾತ್ರೆಯಿಂದ ವಾಸಿಯಾಗುತ್ತದೆ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. 'ಬಿಳುಪು ಹೋಗುತ್ತಿದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ, ಗರ್ಭಕೋಶ ತೆಗೆಸಿಬಿಡು' ಎಂದು ಹೆದರಿಸಿ ದುಡ್ಡು ಮಾಡುವವರಿದ್ದಾರೆ. ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ತಾಂಡಾಗಳ ಮತ್ತು ದಲಿತ ಕೇರಿಗಳ ಹೆಂಗಸರ ಗರ್ಭಕೋಶಗಳನ್ನು ಹೀಗೆ ಬೇಡದೆಯೇ ತೆಗೆದದ್ದು 2015ರಲ್ಲಿ ಬಯಲಿಗೆ ಬಂತು. ಕರ್ನಾಟಕ ಜನಾರೋಗ್ಯ ಚಳವಳಿ ಆ ಹೆಂಗಸರ ಜೊತೆ ನಿಂತಿತು, ಆರೋಗ್ಯ ಇಲಾಖೆ ತನಿಖೆ ನಡೆಸಬೇಕಾಯಿತು. ಅವರಲ್ಲಿ ಎಷ್ಟೋ ಮಂದಿ ಇನ್ನೂ ಚಿಕ್ಕ ವಯಸ್ಸಿನವರು. ಆದ್ದರಿಂದ ಯಾರಾದರೂ ಗರ್ಭಕೋಶ ತೆಗೆಯಬೇಕು ಎಂದರೆ 'ಚೂರು ತೆಗೆದು ಪರೀಕ್ಷೆ ಮಾಡಿದ ವರದಿ ಎಲ್ಲಿ?' ಎಂದು ಕೇಳಿ. ಅದಕ್ಕೆ ಬಯಾಪ್ಸಿ ಎನ್ನುತ್ತಾರೆ. ಬಯಾಪ್ಸಿ ಇಲ್ಲದೆ ಕ್ಯಾನ್ಸರ್ ಎಂದು ಖಚಿತವಾಗಿ ಹೇಳಲಾಗದು. ನಿಜಕ್ಕೂ ಕ್ಯಾನ್ಸರ್ ಇದ್ದು, ಅದನ್ನು ತಿಳಿಯದೆ ಬರೀ ಗರ್ಭಕೋಶ ತೆಗೆದರೆ ಮುಂದಿನ ಚಿಕಿತ್ಸೆ ಇನ್ನಷ್ಟು ಕಷ್ಟವಾಗುತ್ತದೆ. ಇನ್ನೊಂದು ಡಾಕ್ಟರ ಅಭಿಪ್ರಾಯ ಕೇಳುವುದು ನಮ್ಮ ಹಕ್ಕು.

ಪರೀಕ್ಷೆ ಎಂದರೆ ಇಷ್ಟೇ

ಗುರುತು ಕಾಣುವವರೆಗೆ ಕಾಯದೆ ಪರೀಕ್ಷೆ ಮಾಡಿಸಬೇಕು ಎಂಬುದು ಇವತ್ತಿನ ಮುಖ್ಯ ಮಾತು. ಸರಕಾರದ ಕಾರ್ಯಕ್ರಮದಲ್ಲೇ 30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆ ಆಗಬೇಕೆಂದು ಇದೆ. ಆಗುತ್ತಿದೆಯೇ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 30ರಿಂದ 49 ವರ್ಷದ ಹೆಂಗಸರಲ್ಲಿ ಒಮ್ಮೆಯಾದರೂ ಪರೀಕ್ಷೆ ಆದವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇಲ್ಲ. ಕರ್ನಾಟಕದಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ನಮ್ಮ ಜಿಲ್ಲೆಯ ಗಡಿ ದಾಟಿದರೆ ತಮಿಳುನಾಡು. ಅಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿ. ಹತ್ತು ಕೂಡ ಸಾಲದು. ಆದರೆ ಅಲ್ಲಿ ಆದದ್ದು ಇಲ್ಲಿ ಯಾಕೆ ಆಗಬಾರದು?

ಅತ್ಯಂತ ಸುಲಭದ ಪರೀಕ್ಷೆಗೆ ವಿಐಎ ಎನ್ನುತ್ತಾರೆ. ಹೆರಿಗೆಯ ಟೇಬಲಿನಂಥದ್ದರ ಮೇಲೆ ಮಲಗಿಸಿ, ಯೋನಿಯನ್ನು ಮೆಲ್ಲಗೆ ಅಗಲಿಸುವ ಉಪಕರಣ ಇಟ್ಟು, ಗರ್ಭಕೊರಳಿಗೆ ಹತ್ತಿಯಿಂದ ತೆಳು ಅಸಿಟಿಕ್ ಆಮ್ಲ ಹಚ್ಚುತ್ತಾರೆ. ಅದು ಅಡುಗೆಯ ವಿನೆಗರಿನ ಜಾತಿಯದೇ. ಒಂದು ನಿಮಿಷ ಬಿಟ್ಟು ನೋಡಿದರೆ ಕೆಟ್ಟಿರುವ ಜಾಗ ಬೆಳ್ಳಗೆ ಕಾಣುತ್ತದೆ. ತುಸು ಉರಿಯಬಹುದು, ಅಷ್ಟೇ. ಬೆಳ್ಳಗೆ ಕಂಡಿತು ಎಂದರೆ ಕ್ಯಾನ್ಸರ್ ಎಂದರ್ಥವಲ್ಲ, ಇನ್ನೂ ಪರೀಕ್ಷೆ ಬೇಕು ಎಂದರ್ಥ. ಮುಟ್ಟು ನಿಂತವರಲ್ಲಿ ಈ ಪರೀಕ್ಷೆಯಿಂದ ಸರಿಯಾಗಿ ಕಾಣದೆ ಹೋಗಬಹುದು. ಅವರಿಗೆ ಪ್ಯಾಪ್ ಪರೀಕ್ಷೆ ಇಲ್ಲವೇ ಎಚ್‌ಪಿವಿ ಪರೀಕ್ಷೆ ಒಳ್ಳೆಯದು. ಎಚ್‌ಪಿವಿ ಪರೀಕ್ಷೆಗೆ ಬೇಕಾದ ಮಾದರಿಯನ್ನು ಹೆಂಗಸು ತಾನೇ ಮರೆಯಲ್ಲಿ ತೆಗೆದುಕೊಡಬಹುದು. ಆ ಸೌಲಭ್ಯ ಇನ್ನೂ ಎಲ್ಲ ಕಡೆ ಬಂದಿಲ್ಲ. ಬರಬೇಕು ಎಂದು ನಾವು ಕೇಳಬೇಕು.

ವಿನೆಗರಿನ ಪರೀಕ್ಷೆಯಿಂದ ಏನಾದೀತು ಎನ್ನುವವರಿಗೆ ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಉದಾಹರಣೆ ಸಾಕು. 2000ನೇ ಇಸವಿಯಲ್ಲಿ ಶುರುವಾದ ಅಧ್ಯಯನದಲ್ಲಿ ಅಲ್ಲಿನ ಹಳ್ಳಿಗಳ ಹೆಂಗಸರಿಗೆ ತರಬೇತಿ ಪಡೆದ ನರ್ಸುಗಳೇ ಒಂದು ಸಲ ಈ ಪರೀಕ್ಷೆ ಮಾಡಿದರು. ಬೇಕಾದವರಿಗೆ ಅಲ್ಲೇ ಚಿಕಿತ್ಸೆ ಕೊಟ್ಟರು. 2007ರಲ್ಲಿ ಬಂದ ಫಲಿತಾಂಶದ ಪ್ರಕಾರ, ಪರೀಕ್ಷೆ ನಡೆದ ಹಳ್ಳಿಗಳಲ್ಲಿ ಈ ಕ್ಯಾನ್ಸರಿನ ಸಾವು ಪರೀಕ್ಷೆ ನಡೆಯದ ಹಳ್ಳಿಗಳಿಗಿಂತ ನೂರಕ್ಕೆ 35ರಷ್ಟು ಕಡಿಮೆ. ದೊಡ್ಡ ಯಂತ್ರ ಇಲ್ಲದೆ, ದೊಡ್ಡ ಡಾಕ್ಟರಿಲ್ಲದೆ ಆದ ಕೆಲಸ ಇದು.

'ಅಯ್ಯೋ, ಅದ ಹೆಂಗವ್ವ ತೋರಿಸದು?' ಎಂದು ನೀವು ಕೇಳುತ್ತೀರಿ. ನಾಚಿಕೆ ಸಹಜ. ಹೆಂಗಸು ಸಿಬ್ಬಂದಿಯೇ ಪರೀಕ್ಷೆ ಮಾಡಲಿ, ಪರದೆ ಇರಲಿ, ಜೊತೆಗೊಬ್ಬಳು ನಿಲ್ಲಲಿ ಎಂದು ಕೇಳಿ. ಮರ್ಯಾದೆಯಿಂದ ನಡೆಸಿಕೊಳ್ಳುವುದು ಆಸ್ಪತ್ರೆಯ ಉಪಕಾರವಲ್ಲ, ಕರ್ತವ್ಯ. ಈ ಪರೀಕ್ಷೆಗೆ ಗಂಡನ ಸಹಿ ಬೇಕಿಲ್ಲ ಎಂಬುದನ್ನೂ ನೆನಪಿಡಿ.

ಚಿಕಿತ್ಸೆ ಹೇಗೆ

ಕ್ಯಾನ್ಸರ್ ಆಗುವ ಮೊದಲೇ, ಜೀವಕೋಶ ಕೆಟ್ಟಿರುವಾಗಲೇ ಸಿಕ್ಕಿದರೆ ಆ ಜಾಗವನ್ನು ತಣ್ಣನೆಯ ಅನಿಲದಿಂದ ಹೆಪ್ಪುಗಟ್ಟಿಸಿ ಅಥವಾ ಶಾಖದಿಂದ ಸುಟ್ಟು ತೆಗೆಯುತ್ತಾರೆ. ಕೆಲವರಿಗೆ ತಂತಿಯ ಕುಣಿಕೆಯಿಂದ ಕೆಟ್ಟ ಭಾಗವನ್ನು ಮಾತ್ರ ಕೆತ್ತಿ ತೆಗೆಯುತ್ತಾರೆ. ಗರ್ಭಕೋಶ ಉಳಿಯುತ್ತದೆ, ಅದೇ ದಿನ ಮನೆಗೆ ಬರಬಹುದು. ಆಮೇಲೆ ಕೆಲವು ವಾರ ನೀರಿನಂತೆ ಹೋಗುತ್ತದೆ. ಸುಮಾರು ನಾಲ್ಕು ವಾರ ಗಂಡನ ಜೊತೆ ಸೇರಬಾರದು. ಈ ನಾಲ್ಕು ವಾರದ ಮಾತನ್ನು ಡಾಕ್ಟರೋ ನರ್ಸೋ ಗಂಡನನ್ನು ಎದುರು ಕೂರಿಸಿಕೊಂಡು ಹೇಳುವಂತೆ ಕೇಳಿ. ಹೆಂಡತಿ ಹೇಳಿದರೆ ಕೇಳದವನು ಬಿಳಿ ಕೋಟು ಹೇಳಿದರೆ ಕೇಳಿಯಾನು.

ಕ್ಯಾನ್ಸರ್ ಆಗಿದ್ದರೆ ಅದಕ್ಕೆ ನಾಲ್ಕು ಹಂತಗಳು. ಗರ್ಭಕೊರಳಿನಲ್ಲೇ ಇದ್ದರೆ ಒಂದನೇ ಹಂತ. ಸುತ್ತಲ ಭಾಗಕ್ಕೆ ಹಬ್ಬಿದ್ದರೆ ಎರಡು. ಕಿಬ್ಬೊಟ್ಟೆಯ ಗೋಡೆಗೆ ತಾಗಿದ್ದರೆ, ಮೂತ್ರದ ನಾಳ ಒತ್ತಿಹೋಗಿದ್ದರೆ ಮೂರು. ಮೂತ್ರಕೋಶ, ಗುದ, ಶ್ವಾಸಕೋಶದಂಥ ಕಡೆ ಹೋಗಿದ್ದರೆ ನಾಲ್ಕು. ಒಂದನೇ ಹಂತದಲ್ಲಿ ಚಿಕಿತ್ಸೆ ಪಡೆದ ಹತ್ತು ಜನರಲ್ಲಿ ಎಂಟು ಮಂದಿಯಾದರೂ ಐದು ವರ್ಷ ದಾಟಿ ಬದುಕುತ್ತಾರೆ. ನಾಲ್ಕನೇ ಹಂತದಲ್ಲಿ ಹತ್ತರಲ್ಲಿ ಇಬ್ಬರು ಉಳಿಯುವುದೂ ಕಷ್ಟ. ತಡ ಎಂದರೆ ಏನು ಎಂಬುದಕ್ಕೆ ಇದಕ್ಕಿಂತ ಬೇರೆ ಲೆಕ್ಕ ಬೇಡ.

ಒಂದನೇ ಹಂತದ ಸಣ್ಣ ಗಡ್ಡೆಗೆ ಸಾಮಾನ್ಯವಾಗಿ ಆಪರೇಷನ್. ಗರ್ಭಕೋಶ, ಗರ್ಭಕೊರಳು, ಸುತ್ತಲ ಅಂಗಾಂಶ, ಗ್ರಂಥಿಗಳು ಎಲ್ಲವನ್ನೂ ತೆಗೆಯುವ ದೊಡ್ಡ ಆಪರೇಷನ್ ಇದು. ಕ್ಯಾನ್ಸರ್ ತಜ್ಞರೇ ಮಾಡಬೇಕು. ಅದಕ್ಕಿಂತ ಮುಂದುವರಿದಿದ್ದರೆ ವಿಕಿರಣ ಚಿಕಿತ್ಸೆ, ನಮ್ಮವರ ಮಾತಿನಲ್ಲಿ 'ಕರೆಂಟು ಕೊಡುವುದು'. ಅದು ಕರೆಂಟೂ ಅಲ್ಲ, ಶಾಕೂ ಹೊಡೆಯುವುದಿಲ್ಲ. ಎಕ್ಸ್‌ರೇ ತೆಗೆಯುವಾಗ ಹೇಗೆ ಏನೂ ತಿಳಿಯುವುದಿಲ್ಲವೋ ಹಾಗೆಯೇ. ಯಂತ್ರದ ಕೆಳಗೆ ಕೆಲವು ನಿಮಿಷ ಮಲಗಬೇಕು. ವಾರಕ್ಕೆ ಐದು ದಿನದಂತೆ ಸುಮಾರು ಐದು ವಾರ. ಇದರ ಜೊತೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಔಷಧಿಯನ್ನು ಡ್ರಿಪ್ಪಿನಲ್ಲಿ ಹಾಕುತ್ತಾರೆ. ಎರಡನ್ನೂ ಒಟ್ಟಿಗೆ ಕೊಟ್ಟರೆ ಹೆಚ್ಚು ಹೆಂಗಸರು ಉಳಿಯುತ್ತಾರೆ ಎಂದು 1999ರ ಹೊತ್ತಿಗೆ ಹೊರಬಂದ ಅಧ್ಯಯನಗಳು ತೋರಿಸಿದವು. ಅಂದಿನಿಂದ ಇದೇ ರೂಢಿ. ಕೊನೆಗೆ ಒಳಗಿನಿಂದ ಕೊಡುವ ವಿಕಿರಣ. ಗರ್ಭಕೊರಳಿನ ಹತ್ತಿರಕ್ಕೇ ಸಣ್ಣ ನಳಿಗೆ ಇಟ್ಟು ಮೂರು ನಾಲ್ಕು ಸಲ ಕೊಡುತ್ತಾರೆ. ಹೊರಗಿನದು ಮುಗಿಯಿತು ಎಂದು ಮನೆಗೆ ಬಂದು ಒಳಗಿನದನ್ನು ಬಿಟ್ಟವರಲ್ಲಿ ಕಾಯಿಲೆ ಮರಳುತ್ತದೆ. ಎರಡೂ ಸೇರಿದರೇ ಪೂರ್ತಿ ಚಿಕಿತ್ಸೆ. ಎಲ್ಲವೂ ಎಂಟು ವಾರದೊಳಗೆ ಮುಗಿಯಬೇಕು.

ಚಿಕಿತ್ಸೆಯ ದಿನಗಳಲ್ಲಿ ಸುಸ್ತು, ಭೇದಿ, ಉರಿಮೂತ್ರ, ವಾಕರಿಕೆ ಇರುತ್ತವೆ. ಡಾಕ್ಟರಿಗೆ ಹೇಳಿದರೆ ಮದ್ದು ಕೊಡುತ್ತಾರೆ. ಸಾಮಾನ್ಯವಾಗಿ ಈ ಚಿಕಿತ್ಸೆಯಲ್ಲಿ ತಲೆಗೂದಲು ಪೂರಾ ಉದುರುವುದಿಲ್ಲ. ಹೊರಗಿನಿಂದ ಕೊಟ್ಟ ವಿಕಿರಣ ಮೈಯಲ್ಲಿ ಉಳಿಯುವುದಿಲ್ಲ, ಮನೆಗೆ ಬಂದು ಮಗುವನ್ನು ತಬ್ಬಿಕೊಳ್ಳಬಹುದು. ಮುಟ್ಟು ಇನ್ನೂ ಇದ್ದವರಿಗೆ ಅದು ನಿಂತುಹೋಗುತ್ತದೆ. ಯೋನಿ ಒಣಗಿ ಕಿರಿದಾಗಬಹುದು, ಕೂಡುವಾಗ ನೋವಾಗಬಹುದು. ಇದನ್ನು ಯಾರೂ ಹೇಳುವುದಿಲ್ಲ, ನಾವು ಕೇಳುವುದೂ ಇಲ್ಲ. ಇದಕ್ಕೂ ಉಪಾಯಗಳಿವೆ, ನರ್ಸನ್ನು ಕೇಳಿ. ನೋವಿರುವಾಗ ಬೇಡ ಎನ್ನುವ ಹಕ್ಕು ನಿಮಗಿದೆ.

ಕಾಯಿಲೆ ಕೈಮೀರಿದವರಿಗೂ ಚಿಕಿತ್ಸೆ ಇದೆ. ನೋವಿಗೆ ಮಾರ್ಫಿನ್ ಮಾತ್ರೆ ಇದೆ. ಬೆಂಗಳೂರಿನ ಕರುಣಾಶ್ರಯದಂಥ ಕಡೆ ಅಂಥವರನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ನರಳಿ ಸಾಯುವುದು ಯಾರ ಹಣೆಬರಹವೂ ಅಲ್ಲ.

ನಡುವೆ ಬಿಡುವುದು

ನಾನು ಹೆಚ್ಚು ಸಂಕಟಪಟ್ಟದ್ದು ಕಾಯಿಲೆ ಗೊತ್ತಾಗದವರನ್ನು ನೋಡಿ ಅಲ್ಲ, ಚಿಕಿತ್ಸೆ ಶುರುಮಾಡಿ ಬಿಟ್ಟವರನ್ನು ನೋಡಿ. ಒಬ್ಬಾಕೆ ಹನ್ನೊಂದು ದಿನ ಕರೆಂಟು ತೆಗೆದುಕೊಂಡಿದ್ದಳು. ಮನೆಯಿಂದ ಫೋನು ಬಂತು. ಸಣ್ಣ ಈರುಳ್ಳಿ ಕೀಳುವ ಕಾಲ, ಆಳು ಸಿಗುತ್ತಿಲ್ಲ, ಹಸುವಿಗೆ ಮೇವು ಹಾಕುವವರಿಲ್ಲ, ಒಂದು ವಾರ ಬಂದು ಹೋಗು ಎಂದು. ಆ ಒಂದು ವಾರ ಎರಡು ತಿಂಗಳಾಯಿತು. ಮತ್ತೆ ಹೋದಾಗ ಮೊದಲಿನ ಹನ್ನೊಂದು ದಿನದ ಗುಣ ಉಳಿದಿರಲಿಲ್ಲ. ನಡುವೆ ಬಿಟ್ಟರೆ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯುತ್ತವೆ. ಹೊಲದ ಈರುಳ್ಳಿಗೆ ಒಂದು ವಾರ ತಡೆಯಲಾಗದು ಎಂದ ಮನೆಯವರು ಅವಳ ಮೈಗೆ ಎರಡು ತಿಂಗಳು ತಡೆಯಿತು ಎಂದುಕೊಂಡರು.

ಇನ್ನೊಬ್ಬಾಕೆಯ ಕತೆಯೂ ಇದೆ. ಅವಳ ಸಂಘದ ಹತ್ತು ಮಂದಿ ಪಾಳಿ ಹಾಕಿಕೊಂಡರು. ಒಬ್ಬಳು ಹಾಲು ಕರೆದು ಡೈರಿಗೆ ಹಾಕಿದಳು, ಒಬ್ಬಳು ಮಕ್ಕಳನ್ನು ಶಾಲೆಗೆ ಕಳಿಸಿದಳು, ದಿನಕ್ಕೊಬ್ಬಳು ಅವಳ ಜೊತೆ ಮೈಸೂರಿನ ಬಸ್ಸು ಹತ್ತಿದಳು. ಎಂಟು ವಾರದೊಳಗೆ ಎಲ್ಲ ಮುಗಿಯಿತು. ಅದಾಗಿ ಆರು ವರ್ಷ. ಈಗಲೂ ಚೆಂಡುಹೂವಿನ ಹೊಲದಲ್ಲಿ ದುಡಿಯುತ್ತಿದ್ದಾಳೆ. ಈ ಇಬ್ಬರಿಗೂ ಇದ್ದದ್ದು ಎರಡನೇ ಹಂತವೇ.

ಖರ್ಚು, ಕಾನೂನು

ಮೊದಲ ಪರೀಕ್ಷೆಗೆ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರ, ಗುಂಡ್ಲುಪೇಟೆಯ ತಾಲ್ಲೂಕು ಆಸ್ಪತ್ರೆ, ಚಾಮರಾಜನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆ ಇವೆ. ವಿಕಿರಣ ಚಿಕಿತ್ಸೆ ಮೈಸೂರಿನಲ್ಲಿ ಸಿಗುತ್ತದೆ. ಬೆಂಗಳೂರಿನಲ್ಲಿ 1973ರಲ್ಲಿ ಶುರುವಾದ ಸರಕಾರದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಇದೆ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಸರಕಾರಿ ಆಸ್ಪತ್ರೆಯಿಂದ ಶಿಫಾರಸು ಚೀಟಿ ಬರೆಸಿಕೊಂಡೇ ಹೋಗಿ. ರೇಷನ್ ಕಾರ್ಡು, ಆಧಾರ್ ಕಾರ್ಡು, ಹಳೆಯ ವರದಿ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಟ್ಟುಕೊಳ್ಳಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ರಾಜ್ಯದೊಳಗೆ ಸರಕಾರಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ಟಿನ ದುಡ್ಡಿಲ್ಲ. ಗುಂಡ್ಲುಪೇಟೆಯಿಂದ ಮೈಸೂರಿಗೆ 60 ಕಿಲೋಮೀಟರು. ಆಸ್ಪತ್ರೆಗೆ ಹೋಗಿಬರಲು ಗಂಡನ ಮುಂದೆ ಕೈಚಾಚುವ ಕಾಲ ಈಗಿಲ್ಲ.

ಆದರೂ ಕೆಲವು ಮನೆಗಳಲ್ಲಿ 'ನಿನ್ನ ಕಾಯಿಲೆಗೆ ನಿನ್ನ ಅಪ್ಪನ ಮನೆಯಿಂದ ದುಡ್ಡು ತಾ' ಎನ್ನುತ್ತಾರೆ. ಮದುವೆಯ ದಿನ ಒಂದು ಸಲ, ಹೆರಿಗೆಗೆ ಒಂದು ಸಲ, ಈಗ ಕಾಯಿಲೆಗೆ ಇನ್ನೊಂದು ಸಲ. ಹೆಸರು ಬೇರೆಯಾದರೂ ಕೈ ಅದೇ. ಚಿಕಿತ್ಸೆ ಕೊಡಿಸದೆ ತವರಿಗೆ ಅಟ್ಟುವುದೂ ಇದೆ, ಬೇರೆ ಮದುವೆಗೆ ಹೆಣ್ಣು ನೋಡುವುದೂ ಇದೆ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಹೆಂಗಸಿನ ಆರೋಗ್ಯವನ್ನು ಅಪಾಯಕ್ಕೆ ತಳ್ಳುವುದೂ, ಅವಳಿಗೆ ಬೇಕಾದ ಹಣ ತಡೆಯುವುದೂ, ಅವಳ ಸ್ತ್ರೀಧನವನ್ನು ಹಿಡಿದಿಟ್ಟುಕೊಳ್ಳುವುದೂ ದೌರ್ಜನ್ಯವೇ. ವೈದ್ಯಕೀಯ ಖರ್ಚನ್ನು ಕೇಳುವ, ಮನೆಯಿಂದ ಹೊರಹಾಕದಂತೆ ಆದೇಶ ಪಡೆಯುವ ಅವಕಾಶ ಅದರಲ್ಲಿದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ನಮ್ಮಲ್ಲಿ ಸಂರಕ್ಷಣಾಧಿಕಾರಿ. 181 ಸಹಾಯವಾಣಿಯೂ ಇದೆ. ಹಿಂದೆ ನಾವು 498ಎ ಎನ್ನುತ್ತಿದ್ದ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿದೆ. ಹಿಂದೂ ವಿವಾಹ ಕಾಯ್ದೆಯ ವಿಚ್ಛೇದನದ ಕಾರಣಗಳಲ್ಲಿ ಕ್ಯಾನ್ಸರ್ ಇಲ್ಲ. ಕಾಯಿಲೆಯವಳೆಂದು ಬಿಟ್ಟುಬಿಡುತ್ತೇನೆ ಎಂದು ಹೆದರಿಸುವವನಿಗೆ ಇದನ್ನು ತಿಳಿಸಿ.

ಹೆಣ್ಣುಮಕ್ಕಳಿಗೆ ಲಸಿಕೆ

ನಮ್ಮ ಕಾಲಕ್ಕೆ ಇಲ್ಲದ ಒಂದು ಭಾಗ್ಯ ನಮ್ಮ ಹೆಣ್ಣುಮಕ್ಕಳಿಗಿದೆ. 9ರಿಂದ 14 ವರ್ಷದೊಳಗೆ, ಅಂದರೆ ದಾಂಪತ್ಯಕ್ಕೆ ಬಹಳ ಮುಂಚೆ, ಎಚ್‌ಪಿವಿ ಲಸಿಕೆ ಹಾಕಿಸಿದರೆ ಈ ವೈರಾಣುವಿನ ಮುಖ್ಯ ಬಗೆಗಳು ತಾಗುವುದಿಲ್ಲ. ಈ ವಯಸ್ಸಿನವರಿಗೆ ಒಂದೇ ಸೂಜಿಯೂ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಒಪ್ಪಿತು. ಅದೇ ವರ್ಷ ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ ಎಂಬ ದೇಶೀ ಲಸಿಕೆಗೆ ಅನುಮತಿ ಸಿಕ್ಕಿತು. ಸರಕಾರದ ವತಿಯಿಂದ ಯಾವ ವಯಸ್ಸಿನವರಿಗೆ, ಎಲ್ಲಿ ಕೊಡುತ್ತಾರೆ ಎಂದು ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ಲಸಿಕೆ ಹಾಕಿಸಿಕೊಂಡವರೂ ಮುಂದೆ 30 ದಾಟಿದ ಮೇಲೆ ಪರೀಕ್ಷೆ ಮಾಡಿಸಬೇಕು.

ಲಸಿಕೆಯ ಬಗ್ಗೆ ಅನುಮಾನಗಳೂ ಇವೆ, ಅವು ಹುಟ್ಟಿದ್ದಕ್ಕೆ ಕಾರಣವೂ ಇದೆ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಮತ್ತು ಗುಜರಾತಿನ ವಡೋದರದಲ್ಲಿ ಬಡ ಹುಡುಗಿಯರಿಗೆ ಈ ಲಸಿಕೆ ಹಾಕುವ ಯೋಜನೆ ನಡೆಯಿತು. ಖಮ್ಮಮ್ಮಿನ ಹಾಸ್ಟೆಲ್ಲುಗಳಲ್ಲಿ ಹೆತ್ತವರ ಬದಲು ವಾರ್ಡನ್ನುಗಳೇ ಸಹಿ ಹಾಕಿದ್ದರು. ಮಹಿಳಾ ಸಂಘಟನೆಗಳು ಪ್ರತಿಭಟಿಸಿದ ಮೇಲೆ 2010ರ ಏಪ್ರಿಲ್‌ನಲ್ಲಿ ಅದು ನಿಂತಿತು. ಆಗ ಸತ್ತ ಹುಡುಗಿಯರ ಸಾವಿಗೆ ಲಸಿಕೆ ಕಾರಣವೆಂದು ಸರಕಾರದ ತನಿಖೆಯಲ್ಲಿ ಕಂಡುಬರಲಿಲ್ಲ. ಆದರೆ ಒಪ್ಪಿಗೆ ಪಡೆದ ರೀತಿ ತಪ್ಪು ಎಂದು ಸಂಸತ್ತಿನ ಸಮಿತಿ 2013ರಲ್ಲಿ ಕಟುವಾಗಿಯೇ ಹೇಳಿತು. ಆದ್ದರಿಂದ ಲಸಿಕೆ ಹಾಕಿಸೋಣ, ಕೇಳಿ ತಿಳಿದು ಹಾಕಿಸೋಣ. ಮಗಳಿಗೂ ಯಾಕೆಂದು ಹೇಳೋಣ.

ಸಂಘ ಮಾಡಬಹುದಾದದ್ದು

2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2030ಕ್ಕೆ ಒಂದು ಗುರಿ ಹಾಕಿತು. ನೂರಕ್ಕೆ 90 ಹುಡುಗಿಯರಿಗೆ ಲಸಿಕೆ, 70 ಹೆಂಗಸರಿಗೆ ಪರೀಕ್ಷೆ, ಕಾಯಿಲೆ ಕಂಡವರಲ್ಲಿ 90 ಮಂದಿಗೆ ಚಿಕಿತ್ಸೆ. ಜಿನೀವಾದಲ್ಲಿ ಹಾಕಿದ ಗುರಿ ನಮ್ಮ ತೆರಕಣಾಂಬಿಗೆ, ಬೇಗೂರಿಗೆ ತಾನಾಗಿ ಬರುವುದಿಲ್ಲ.

ಸಾಲದ ಲೆಕ್ಕ ಬರೆಯುವ ಪುಸ್ತಕದಲ್ಲೇ ಒಂದು ಹಾಳೆ ತೆಗೆದಿಡಿ. 30 ದಾಟಿದ ಸದಸ್ಯೆಯರ ಹೆಸರು, ಪರೀಕ್ಷೆಯಾದ ದಿನ, ಮುಂದಿನ ದಿನ ಬರೆಯಿರಿ. ಒಬ್ಬೊಬ್ಬರೇ ಹೋಗಬೇಡಿ, ಹದಿನೈದು ಇಪ್ಪತ್ತು ಮಂದಿ ಒಂದೇ ದಿನ ಹೋಗಿ. ಆಗ ಯಾರು ಯಾಕೆ ಹೋದರು ಎಂದು ಊರು ಆಡಿಕೊಳ್ಳಲಾಗದು, ಅತ್ತೆಯೂ ತಡೆಯಲಾಗದು. ಅತ್ತೆಯನ್ನೂ ಕರೆದುಕೊಂಡು ಹೋಗಿ, ಆಕೆಗೂ ಪರೀಕ್ಷೆ ಬೇಕು. ಕೇಂದ್ರದಲ್ಲಿ ಪರೀಕ್ಷೆ ಮಾಡುವುದಿಲ್ಲ ಎಂದರೆ ತಾಲ್ಲೂಕು ಆರೋಗ್ಯಾಧಿಕಾರಿಗೆ ಎಲ್ಲರೂ ಸಹಿ ಹಾಕಿದ ಅರ್ಜಿ ಕೊಡಿ, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ. ಯಾರಿಗಾದರೂ ಚಿಕಿತ್ಸೆ ಶುರುವಾದರೆ ಕರೆಂಟು ಮುಗಿಯುವವರೆಗೂ ಪಾಳಿಯ ಪಟ್ಟಿ ಗೋಡೆಯ ಮೇಲೆ ಇರಲಿ. ಆ ಎರಡು ತಿಂಗಳು ಆಕೆಯ ಸಾಲದ ಕಂತು ಕೇಳಬೇಡಿ. ಆಕೆಯ ಮನೆಯವರ ಜೊತೆ ಮಾತಾಡಲು ಇಬ್ಬರು ಹೋಗಿ, ಒಬ್ಬರಲ್ಲ.

ಮುಂದಿನ ತಿಂಗಳ ಉಳಿತಾಯದ ಸಭೆಯಲ್ಲಿ ಲೆಕ್ಕ ಓದುವ ಮೊದಲು ಆ ಹಾಳೆಯನ್ನು ಓದಿ. ಎಷ್ಟು ಹೆಸರಿನ ಮುಂದೆ ದಿನಾಂಕ ಬಿದ್ದಿದೆ ನೋಡಿ. ಬೀಳದ ಹೆಸರುಗಳನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಿ, ಯಾವ ದಿನ ಹೋಗುವುದು ಎಂದು ಅಲ್ಲೇ ತೀರ್ಮಾನ ಮಾಡಿ ಎದ್ದೇಳಿ.